ಡೋರಾ ಕೇಳ್ತಾಳೆ, ಅಜ್ಜಿ ಹೇಳ್ತಾಳೆ

ನಮ್ಮ ಮನೆಯಲ್ಲಿ ಟಿ.ವಿ. ಜೊತೆ ಮಾತಾಡುವವರು ಇಬ್ಬರು. ಕ್ರಿಕೆಟ್ ಇದ್ದಾಗ ನಾನು, ಡೋರಾ ಕಾರ್ಟೂನ್ ಇದ್ದಾಗ ನನ್ನ ಹೆಂಡತಿ. ನಾನು ಹೇಳಿದ್ದನ್ನು ಯಾವ ಅಂಪೈರೂ ಇವತ್ತಿನವರೆಗೆ ಕಿವಿಗೆ ಹಾಕಿಕೊಂಡಿಲ್ಲ. ಡೋರಾ ಹಾಗಲ್ಲ. ‘ಸೇತುವೆ ಎಲ್ಲಿದೆ?’ ಎಂದು ಕೇಳಿ, ಕಣ್ಣರಳಿಸಿಕೊಂಡು ಸುಮ್ಮನೆ ನಿಲ್ಲುತ್ತಾಳೆ. ಐದು ವರ್ಷದ ಮೊಮ್ಮಗಳು ಬಾಯಿ ತೆರೆಯುವಷ್ಟರಲ್ಲಿ ಅಡುಗೆಮನೆ ಬಾಗಿಲಲ್ಲಿ ಸೌಟು ಹಿಡಿದು ನಿಂತ ಇವಳು, ‘ಅಯ್ಯೋ, ನಿನ್ನ ಹಿಂದೇನೇ ಇದೆಯಲ್ಲೇ!’ ಅನ್ನುತ್ತಾಳೆ. ಡೋರಾ ಶಭಾಷ್ ಅನ್ನುತ್ತಾಳೆ. ನಲವತ್ತು ವರ್ಷದ ಸಂಸಾರದಲ್ಲಿ ನಾನು ಅಷ್ಟು ಸಲ ‘ನೀನು ಹೇಳಿದ್ದೇ ಸರಿ’ ಅಂದಿಲ್ಲವಂತೆ.

ನಗಬೇಡಿ. ಆ ಸುಮ್ಮನಿರುವಿಕೆಯಲ್ಲೇ ಕಸುಬಿದೆ. ಡೋರಾ ಬಂದದ್ದು 2000ದಲ್ಲಿ. ಅದಕ್ಕೂ ನಾಲ್ಕು ವರ್ಷ ಮೊದಲು ಅಮೆರಿಕದ ಮಕ್ಕಳ ಕಾರ್ಯಕ್ರಮ ‘ಬ್ಲೂಸ್ ಕ್ಲೂಸ್’ನವರು, ಪ್ರಶ್ನೆ ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕಾಯುವುದನ್ನು ಮಾಡಿ ತೋರಿಸಿದ್ದರು. ಸಾಲದ್ದಕ್ಕೆ, ಒಂದೇ ಕಂತನ್ನು ಸೋಮವಾರದಿಂದ ಶುಕ್ರವಾರದವರೆಗೆ ದಿನಾ ಹಾಕಿದರು! ನಾವಾಗಿದ್ದರೆ ಕೇಬಲ್‌ನವನಿಗೆ ಫೋನ್ ಮಾಡಿ ಬೈಯುತ್ತಿದ್ದೆವು. ಮಕ್ಕಳು ಮಾತ್ರ ನೋಡಿದಷ್ಟೂ ಹೆಚ್ಚು ಉತ್ತರ ಕೂಗಿದರು. ಅನುಮಾನವಿದ್ದರೆ ನೂರನೇ ಸಲ ಪುಣ್ಯಕೋಟಿ ಕಥೆ ಹೇಳುವಾಗ ಹುಲಿಯ ಹೆಸರು ತಪ್ಪಿಸಿ ನೋಡಿ. ‘ಅರ್ಬುತ ಅಲ್ವಾ ಅಜ್ಜ?’ ಎಂದು ಕಿವಿ ಹಿಂಡದಿದ್ದರೆ ಕೇಳಿ.

ಈ ಕಾಯುವ ಗುಣ ನಮ್ಮ ಮನೆಯ ಫೋನಿಗಿಲ್ಲ. ಒಂದು ವಿಡಿಯೊ ಮುಗಿದು ಮಗು ‘ಆಮೇಲೆ?’ ಅನ್ನುವ ಮೊದಲೇ ಇನ್ನೊಂದನ್ನು ತಂದು ಬಡಿಸುತ್ತದೆ, ‘ಸಾಕು’ ಅಂದರೂ ಕೇಳದ ಮದುವೆಮನೆಯ ಬಡಿಸುವವನ ಹಾಗೆ. ಇನ್ನು ಕನ್ನಡಕ್ಕೆ ಡಬ್ ಆದ ಕಾರ್ಟೂನುಗಳ ಭಾಷೆ! ಮೊನ್ನೆ ಮೊಮ್ಮಗಳು, ‘ಅಜ್ಜಿ, ನನಗೆ ನಿನ್ನ ಸಹಾಯದ ಅಗತ್ಯವಿದೆ’ ಅಂದಳು. ಚಡ್ಡಿ ಹಾಕಿಕೊಳ್ಳುವುದಕ್ಕೆ.

ಹದಿನಾಲ್ಕರ ಮೊಮ್ಮಗನದ್ದು ಬೇರೆ ಕಥೆ. 1986ರಲ್ಲಿ ಶಂಕರ್‌ನಾಗ್ ಮಾಡಿದ ‘ಮಾಲ್ಗುಡಿ ಡೇಸ್’ ಧಾರಾವಾಹಿ ಹಾಕಿದೆ. ‘ಸ್ಲೋ ಇದೆ ಅಜ್ಜ’ ಅಂದ. ಇರಲಿ ಬಿಡೋ, ಚಿತ್ರೀಕರಣ ನಡೆದ ಆಗುಂಬೆಯ ಮಳೆಗೆ ಅವಸರವೆಲ್ಲಿದೆ? ಮಾತು ಹಿಂದಿಯದು, ಮಾಡಿನ ನೀರು ಮಾತ್ರ ನಮ್ಮದೇ. ಮಾಸ್ಟರ್ ಮಂಜುನಾಥ್ ಸ್ವಾಮಿಯಾಗಿ ಬಂದ ಮೇಲೆ ಇವನ ಹೆಬ್ಬೆರಳು ಫೋನಿನ ಮೇಲೆ ನಿಂತೇಹೋಯಿತು. ಆರ್.ಕೆ. ನಾರಾಯಣ್ ಬರೆದ ಈ ಹುಡುಗ, ಮಾವಿನಹಣ್ಣಿನ ಲೆಕ್ಕ ಕೊಟ್ಟರೆ ಹಣ್ಣು ಮಾಗಿದೆಯೋ ಇಲ್ಲವೋ ಎಂದು ಚಿಂತಿಸುವವನು; ಹೆದರುತ್ತಾನೆ, ಸುಳ್ಳು ಹೇಳುತ್ತಾನೆ, ಮನೆ ಬಿಟ್ಟು ಓಡುತ್ತಾನೆ. ಯಾರೂ ನಮ್ಮ ಕಡೆ ತಿರುಗಿ ‘ಮಕ್ಕಳೇ, ನೋಡಿದಿರಾ?’ ಅನ್ನುವುದಿಲ್ಲ. ಹರೆಯದವರಿಗೆ ಬುದ್ಧಿ ಹೇಳುವುದಕ್ಕೆ ಟಿ.ವಿ. ಯಾಕೆ, ನಾನಿಲ್ಲವೇ?

ಈಗ ಮನೆಯಲ್ಲಿ ಜಗಳ ಎಬ್ಬಿಸಿರುವುದು 2018ರಲ್ಲಿ ಶುರುವಾದ ಆಸ್ಟ್ರೇಲಿಯದ ‘ಬ್ಲೂಯಿ’. ಏಳು ನಿಮಿಷದ ಕಂತು, ನಾಯಿಗಳ ಸಂಸಾರ. ಅಪ್ಪನಾಯಿಗೆ ಮರಿಗಳ ಜೊತೆ ಆಡುವುದೇ ಕೆಲಸ. ಕಂತು ಮುಗಿದದ್ದೇ ತಡ, ಮೊಮ್ಮಗಳು ಲ್ಯಾಪ್‌ಟಾಪಿನ ಮುಂದಿದ್ದ ನನ್ನ ಮಗನ ಬೆನ್ನೇರಿ, ‘ಬ್ಲೂಯಿ ಅಪ್ಪ ಆಡ್ತಾನೆ, ನೀನ್ಯಾಕೆ ಆಡಲ್ಲ?’ ಅಂದಳು. ಮೀಟಿಂಗಿನಲ್ಲಿದ್ದವರೆಲ್ಲ ಕೇಳಿಸಿಕೊಂಡರು.

‘ಅಪ್ಪಾ, ಇಂಥ ಕೆಟ್ಟ ಕಾರ್ಟೂನೆಲ್ಲ ಅವಳಿಗೆ ಹಾಕ್ಬೇಡಿ’ ಎಂದಿದ್ದಾನೆ ಮಗ. ದಿನಾ ಸಂಜೆ ಆರಕ್ಕೆ ಹಾಕುತ್ತಿದ್ದೇನೆ.