ಬ್ಯಾಟಿಗೆ ಅಭ್ಯಂಜನ

ಗುಜರಿ ಸಂತೆಯಲ್ಲಿ ಹಳೇ ಕ್ರಿಕೆಟ್ ಬ್ಯಾಟಿಗೆ ಕೈಯಿಟ್ಟರೆ ಸಾಕು, ಮಾರುವವನಿಗೆ ಇತಿಹಾಸ ಉಕ್ಕುತ್ತದೆ: "1974ರಲ್ಲಿ ಕರ್ನಾಟಕ ಮೊದಲ ರಣಜಿ ಗೆದ್ದಾಗ ವಿಶಿ ಹಿಡಿದದ್ದು ಸಾರ್!" ವಿಶ್ವನಾಥ್ ಇಷ್ಟೊಂದು ಬ್ಯಾಟು ಹಿಡಿದಿದ್ದರೆ ಸ್ಕ್ವೇರ್ ಕಟ್ ಹೊಡೆಯಲು ಪುರುಸೊತ್ತೆಲ್ಲಿ? ಬ್ಲೇಡಿನ ಮೇಲಿನ ಸಹಿಯೋ, ಕಾರ್ಖಾನೆಯಲ್ಲಿ ಅಚ್ಚೊತ್ತಿದ್ದು.

ಮನೆಗೆ ತಂದರೆ ಬಾಣಂತಿಯ ಆರೈಕೆ. ನಯವಾದ ಉಪ್ಪುಕಾಗದದಿಂದ ಕೊಳೆ ತೆಗೆದು, ಮುಖಕ್ಕೆ, ಅಂಚಿಗೆ, ಬುಡಕ್ಕೆ ಹಸಿ ಅಗಸೆ ಎಣ್ಣೆ ತೆಳ್ಳಗೆ ಸವರಿ, ಅಡ್ಡ ಮಲಗಿಸಬೇಕು. ಹಿಡಿ ಸೇರುವ ಸಂದಿಗೆ ಮಾತ್ರ ಎಣ್ಣೆ ತಾಗಕೂಡದು, ಅಂಟು ಸಡಿಲವಾದೀತು. ಪ್ರೀತಿ ಹೆಚ್ಚಾಗಿ ಸುರಿದರೆ ವಿಲ್ಲೋ ಮರ ಕುಡಿದು ಭಾರವಾಗುತ್ತದೆ. ಹಳೇ ಸ್ಟಿಕ್ಕರು ಹರಿದಿದ್ದರೂ ಕೀಳಬಾರದು, ಬೆಲೆಯಿರುವುದೇ ಅದಕ್ಕೆ.

ಇನ್ನು ಆ ಬ್ಯಾಟಿನಲ್ಲಿ ಆಡುವುದುಂಟೇ? ಛೆ, ಚೆಂಡು ತಾಗಿ ಗೀರಾದರೆ!