ತಟ್ಟೆಯ ಮೇಲಿನ ಹುಳ

ಮಗಳ ಮನೆಯಲ್ಲಿ ಮೂರು ತಿಂಗಳು ಇದ್ದು ಬರೋಣವೆಂದು ಇಂಗ್ಲೆಂಡಿಗೆ ಹೋದವನು ಅಲ್ಲಿ ಮಾಡಿದ ಮೊದಲ ಘನಕಾರ್ಯವೆಂದರೆ, ಪಕ್ಕದ ಮನೆಯ ಅಜ್ಜಿಯ ತಟ್ಟೆಯಿಂದ ಹುಳ ಓಡಿಸಲು ಹೋದದ್ದು. (ಅಜ್ಜಿ ಎಂದೆನಲ್ಲ, ನನಗಿಂತ ನಾಲ್ಕೇ ವರ್ಷ ಹಿರಿಯರು. ನಮ್ಮ ವಯಸ್ಸು ನಮಗೆಲ್ಲಿ ನೆನಪಿರುತ್ತದೆ!) ಹಳೆಯ ಪಿಂಗಾಣಿ ತಟ್ಟೆ, ನಡುವೆ ಒಂದು ಗಿಡ, ಅಂಚಿನಲ್ಲಿ ಒಂದು ಕರಿ ಹುಳ. ಉಪಕಾರವಾಗಲೆಂದು ಉಫ್ ಎಂದು ಊದಿದೆ. ಹೋಗಲಿಲ್ಲ. ಉಗುರಿನಿಂದ ಕೆರೆಯಹೊರಟೆ. ಅವರು ಕೂಗಿದ ಕೂಗಿಗೆ ನನ್ನ ಕೈಯೂ ಪಿಂಗಾಣಿಯಾಯಿತು.

ತಟ್ಟೆ 1755ರ ಸುಮಾರಿನದಂತೆ. ಲಂಡನ್ನಿನ ಚೆಲ್ಸಿಯಲ್ಲಿ ನಿಕೊಲಾಸ್ ಸ್ಪ್ರಿಮಾಂಟ್ ಎಂಬ ಬೆಳ್ಳಿ ಕೆಲಸದವನು ನಡೆಸುತ್ತಿದ್ದ ಕಾರ್ಖಾನೆಯದು. ಆವಿಗೆಯ ಬೆಂಕಿ ಯಾರ ಮಾತು ಕೇಳುತ್ತದೆ? ಸುಟ್ಟು ಬಂದ ತಟ್ಟೆಯಲ್ಲಿ ಒಂದು ಕಲೆಯೋ ಗುಳ್ಳೆಯೋ ಎದ್ದಿರುತ್ತಿತ್ತು. ಎಸೆಯಲು ಮನಸ್ಸು ಬಾರದು. ಚಿತ್ರಗಾರ ಕುಂಚ ಅದ್ದಿ ಅದರ ಮೇಲೊಂದು ಹುಳವನ್ನೋ ಚಿಟ್ಟೆಯನ್ನೋ ಕೂರಿಸಿಬಿಡುತ್ತಿದ್ದ. ನಮ್ಮ ನಡುಮನೆಯ ಗೋಡೆಗೆ ತೇವ ಬಂದ ಕಡೆ ಬ್ಯಾಂಕಿನ ಕ್ಯಾಲೆಂಡರ್ ಇತ್ತು. ಮೂರು ವರ್ಷ ಹಳೆಯದು, ತೆಗೆಯುವ ಹಾಗಿರಲಿಲ್ಲ. ಆ ಲೆಕ್ಕದಲ್ಲಿ ನಾನೂ ಚೆಲ್ಸಿ ಘರಾಣೆಯವನೇ.

ಇಂಥ ತಟ್ಟೆ ಕೂಡಿಡುವವರು ಚಿತ್ರ ನೋಡುವುದು ಆಮೇಲೆ. ಮೊದಲು ಬೆಳಕಿಗೆ ಹಿಡಿಯುತ್ತಾರೆ. ಮೈಯೊಳಗೆ ಪುಟ್ಟ ಪುಟ್ಟ ಚಂದ್ರರು ಕಂಡರೆ ಹಿಗ್ಗುತ್ತಾರೆ. ಆಮೇಲೆ ಮಗುಚಿ, ಆವಿಗೆಯಲ್ಲಿ ತಟ್ಟೆಯನ್ನು ನಿಲ್ಲಿಸಿದ್ದ ಮೂರು ಊರೆಗಳ ಗುರುತು ಹುಡುಕುತ್ತಾರೆ. ಕಾರ್ಖಾನೆಯ ಕೆಂಪು ಲಂಗರಿನ ಮುದ್ರೆ ಮೆಂತ್ಯದ ಕಾಳಿನಷ್ಟಿರಬೇಕು. ದೊಡ್ಡದಾಗಿ ಎದ್ದು ಕಂಡರೆ ಖೋಟಾ ಎಂಬ ಗುಮಾನಿ. ಥೇಟ್ ಬದನೆಕಾಯಿ ಆರಿಸಿದ ಹಾಗೆ! ನಾವು ಹುಳವಿದ್ದರೆ ಬಿಡುತ್ತೇವೆ, ಇವರು ಹುಳವಿದ್ದರೆ ಕೊಳ್ಳುತ್ತಾರೆ, ಅಷ್ಟೇ.

ಇಷ್ಟು ಜ್ಞಾನ ಸಂಪಾದಿಸಿದವನು ಸುಮ್ಮನಿರಲಾದೀತೇ? ಭಾನುವಾರದ ಸಂತೆಯಲ್ಲಿ ನಾಲ್ಕು ಪೌಂಡಿಗೆ ಗುಲಾಬಿ ಹೂಗಳ ತಟ್ಟೆಯೊಂದನ್ನು ಕೊಂಡು, ಮಾರಿದವನಿಗೆ ಪಾಪ ಬೆಲೆಯೇ ತಿಳಿಯದೆಂದು ಮರುಗುತ್ತ ಬಂದೆ. ಅಜ್ಜಿ ಭೂತಗನ್ನಡಿ ಹಿಡಿದರು. ಗುಲಾಬಿಯೆಲ್ಲ ವೃತ್ತಪತ್ರಿಕೆಯ ಫೋಟೋದಂತೆ ಚುಕ್ಕಿ ಚುಕ್ಕಿ. ಅಚ್ಚು! ಹಿಂದೆ 'ಮೇಡ್ ಇನ್ ಇಂಗ್ಲೆಂಡ್'. ಅಮೆರಿಕದ ಸುಂಕದ ಕಾನೂನಿಗಾಗಿ 1891ರಿಂದ ದೇಶದ ಹೆಸರು ಹಾಕತೊಡಗಿದರಂತೆ. 'ಮೇಡ್ ಇನ್' ಹೆಚ್ಚಾಗಿ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ನನ್ನ ಪ್ರಾಚೀನ ತಟ್ಟೆ ಪ್ರಾಯಶಃ ನನಗಿಂತ ಕಿರಿಯದು.

ಅದರ ಕೆಳಗೇ 'ಬೋನ್ ಚೈನಾ' ಎಂದಿತ್ತು. "ಬೋನ್ ಅಂದ್ರೆ?" ಎಂದಳು ನನ್ನಾಕೆ, ಅಜ್ಜಿ ಕೊಟ್ಟ ಕಾಫಿ ಹೀರುತ್ತ. ಹದಿನೆಂಟನೆಯ ಶತಮಾನದ ಕೊನೆಗೆ ಸ್ಟೋಕ್ ಊರಿನ ಜೋಸೈಯಾ ಸ್ಪೋಡ್ ಹದಗೊಳಿಸಿದ ಪಾಕವದು, ಹೆಚ್ಚುಕಡಿಮೆ ಅರ್ಧದಷ್ಟು ದನದ ಮೂಳೆಯ ಬೂದಿ ಎಂದು ಅಜ್ಜಿ ಅಕ್ಕರೆಯಿಂದ ವಿವರಿಸಿದರು. ಇವಳ ಕೈಯ ಬಟ್ಟಲು ಅಲ್ಲೇ ನಿಂತಿತು. ಅದೂ ಅದೇ ಜಾತಿಯದು. ಏಕಾದಶಿ ಬೇರೆ. ಒಂದು ನಿಮಿಷ ಮೌನ. ಆಮೇಲೆ "ಸುಟ್ಟು ಬೂದಿಯಾದ ಮೇಲೆ ದೋಷವಿಲ್ಲ ಬಿಡಿ" ಎಂದು ತಾನೇ ತೀರ್ಪು ಕೊಟ್ಟುಕೊಂಡು ಉಳಿದದ್ದನ್ನೂ ಕುಡಿದಳು. ಕಾಫಿ ಚೆನ್ನಾಗಿತ್ತು.

ಊರಿಗೆ ಬಂದು ಕ್ಯಾಲೆಂಡರ್ ತೆಗೆದು ಆ ಜಾಗಕ್ಕೆ ತಟ್ಟೆ ನೇತುಹಾಕಿದ್ದೇನೆ. ತೇವ ಮಾತ್ರ ತಟ್ಟೆಗಿಂತ ಎರಡು ಅಂಗುಲ ಅಗಲ. ಹುಳ ಬರೆಯಲು ನನಗೆ ಬಾರದು.