ಧುಂ ಹಿಂದೆ, ಟಕ್ ಮುಂದೆ

“ಮಂಜು, ಮೋಟರ್ ಆಫ್ ಮಾಡೋದು ಮರೆತ್ಯೇನೋ? ಆಗಿಂದ ಗುಂಯ್ ಅಂತಿದೆ.”

“ಮೋಟರಲ್ಲ ಪದ್ಮಕ್ಕ, ಸಬ್‌ವೂಫರ್. ಪುಟ್ಟ ಸ್ಪೀಕರುಗಳಿಗೂ ಇದಕ್ಕೂ ರಾಜಿ ಮಾಡಿಸ್ತಿದ್ದೀನಿ.”

“ಅವಕ್ಕೇನು ಜಗಳ?”

“ಟೈಮಿಂದು. ಡೊಳ್ಳಿಗೆ ಒಂದು ಏಟು ಬಿದ್ರೆ ಕೋಲಿನ ‘ಟಕ್’ ಪುಟ್ಟ ಸ್ಪೀಕರಿಂದ ಬರುತ್ತೆ, ‘ಧುಂ’ ಅನ್ನೋದು ಮೂಲೇಲಿರೋ ಡಬ್ಬದಿಂದ. 80 ಹರ್ಟ್ಸ್‌ಗಿಂತ ಕೆಳಗಿಂದೆಲ್ಲ ಡಬ್ಬದ ಪಾಲು. ಅದು ದೂರ ಇದೆ, ಒಳಗಿನ ಫಿಲ್ಟರ್ ಬೇರೆ ತಡ ಮಾಡುತ್ತೆ.”

“ತಡ ಅಂದ್ರೆ ಎಷ್ಟು?”

“ಸೆಕೆಂಡನ್ನ ಸಾವಿರ ಪಾಲು ಮಾಡಿದ್ರೆ ಒಂದು ಪಾಲಲ್ಲಿ ಶಬ್ದ ಸುಮಾರು 34 ಸೆಂಟಿಮೀಟರ್ ಹೋಗುತ್ತೆ. ಅಂಥ 6 ಪಾಲು ತಡ ಆದ್ರೆ ಸಾಕು, 80 ಹರ್ಟ್ಸಲ್ಲಿ ಒಂದರ ಅಲೆ ಏರೋವಾಗ ಇನ್ನೊಂದರದು ಇಳೀತಿರುತ್ತೆ. ಎರಡೂ ಸೇರಿ ಸದ್ದೇ ಸೊರಗಿಹೋಗುತ್ತೆ.”

“ಡಬ್ಬಕ್ಕೆ ಬೇಗ ಬಾ ಅನ್ನು.”

“ಆ ಬಟನ್ ಯಾರೂ ಮಾಡಿಲ್ಲ. ಮುಂದಿರೋ ಪುಟ್ಟವನ್ನೇ ತಡೆದು ನಿಲ್ಲಿಸ್ಬೇಕು.”

“ಓ, ಪಂಕ್ತಿಲಿ ಕೊನೇ ಎಲೆಗೆ ತುಪ್ಪ ಬೀಳೋ ತನಕ ಮೊದಲನೇ ಎಲೆಯವನು ಕೈಕಟ್ಟಿ ಕೂತ ಹಾಗೆ.”

“ಅಷ್ಟೇ. 1930ರ ದಶಕದಲ್ಲಿ ಹಾಲಿವುಡ್ಡಿನ ಎಂಜಿಎಂನವರಿಗೂ ಇದೇ ತಲೆನೋವು. ಎಲಿನಾರ್ ಪೊವೆಲ್ ಟ್ಯಾಪ್ ಡ್ಯಾನ್ಸಲ್ಲಿ ಒಂದೊಂದು ಹೆಜ್ಜೆನೂ ಎರಡೆರಡು ಸಲ ಕೇಳಿಸ್ತಂತೆ. ಥಿಯೇಟರ್ ಸ್ಪೀಕರಲ್ಲಿ ಕೆಳಗಿನ ಸದ್ದಿನ ಹಾರ್ನ್ ಸುತ್ತಿಬಳಸಿ ಇತ್ತು, ಸದ್ದು ಕೆಲವು ಅಡಿ ಜಾಸ್ತಿ ನಡೀಬೇಕಿತ್ತು. ಆಗ ಡಿಲೇ ಬಟನ್ ಎಲ್ಲಿಂದ ಬರ್ಬೇಕು? ಹಾರ್ನುಗಳನ್ನೇ ಹೊಸದಾಗಿ ಮಾಡಿದ್ರು.”

“ಪಾಪ, ಅವಳ ಕಾಲಿನ ತಪ್ಪು ಅಂದ್ಕೊಂಡಿರ್ತಾರೆ ಜನ. ಸರಿ, ನಿನ್ನದು ಹೊಂದ್ಕೊಂಡಿತು ಅಂತ ಹೇಗೆ ಗೊತ್ತಾಗುತ್ತೆ?”

“ಅಲ್ಲೇ ಮಜಾ ಇರೋದು. ಅಲೆನ ತಲೆಕೆಳಗು ಮಾಡೋ ಫೇಸ್ ಸ್ವಿಚ್ ಡಬ್ಬದಲ್ಲಿದೆ; ಅದನ್ನ ಬೇಕಂತಲೇ 180ಕ್ಕೆ ತಿರುಗಿಸಿ, ಎಲ್ಲದರಲ್ಲೂ 80 ಹರ್ಟ್ಸಿನ ಟೋನ್ ಬಿಡ್ತೀನಿ. ನೀವು ಕೇಳಿದ ಗುಂಯ್ ಅದೇ. ಸೋಫಾಲಿ ಕೂತು ಡಿಲೇ ಹೆಚ್ಚುಕಮ್ಮಿ ಮಾಡ್ತಾ ಹೋದ್ರೆ ಒಂದು ಕಡೆ ಸದ್ದು ಕುಸಿದೇ ಹೋಗುತ್ತೆ. ಅಲ್ಲಿಗೆ ಬಿಟ್ಟು ಸ್ವಿಚ್ ವಾಪಸ್ 0ಗೆ ತಂದ್ರೆ ಧುಂ, ಟಕ್ ಎರಡೂ ಒಟ್ಟಿಗೇ ಬೀಳುತ್ತವೆ. ಸದ್ದು ಅತೀ ಜಾಸ್ತಿ ಇರೋ ಜಾಗ ಹುಡುಕಿದ್ರೆ ಕಿವಿ ಏಮಾರುತ್ತೆ, ಸತ್ತ ಜಾಗ ಮಾತ್ರ ಥಟ್ಟಂತ ಸಿಗುತ್ತೆ.”

“ನಿನ್ನ ಹೆಂಡ್ತಿ ಅಡುಗೆಮನೇಲಿರ್ತಾಳಲ್ಲ, ಅಲ್ಲಿಗೆ?”

“ಅಲ್ಲಿ ದೂರದ ಲೆಕ್ಕವೇ ಬೇರೆ. ಇದು ಸೋಫಾಗೆ ಮಾತ್ರ.”

“ನಮ್ಮನೆಗೆ? ಟಕ್ ಬರೋದೇ ಇಲ್ಲ, ಬರೀ ಧುಂ.”

“ಕೆಳಗಿನ ಸದ್ದು ಗೋಡೆಗೆಲ್ಲ ಸೊಪ್ಪು ಹಾಕಲ್ಲ ಪದ್ಮಕ್ಕ. 80 ಹರ್ಟ್ಸಿನ ಒಂದು ಅಲೇನೇ 4 ಮೀಟರಿಗಿಂತ ಉದ್ದ.”

“ಹಾಗಾದ್ರೆ ರಾತ್ರಿ ಹತ್ತರ ಮೇಲಿನ ಧುಂ ಇದೆಯಲ್ಲ, ಅದನ್ನ ಬೆಳಿಗ್ಗೆ ಆರರ ತನಕ ಡಿಲೇ ಮಾಡು.”